ಹದಿಮೂರನೇ ಪುಟದಿಂದ ಶುರು ಮಾಡಿ

ಪ್ರಿಯ ಬರಹಗಾರರೇ,

ನಮ್ಮ ಮಾಸಿಕಕ್ಕೆ ನೀವು ಕಳಿಸಿದ, ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಿಂದಾದ ಬಾಗಲಕೋಟೆಯ ಮುಳುಗಡೆ ಕುರಿತ ಸಂಕಥನ ವಿಶ್ಲೇಷಣೆಯನ್ನು, ಅಂದರೆ ಅದರ ಬಗ್ಗೆ ಯಾರು ಯಾವ ಮಾತು ಬಳಸಿದರು ಎಂಬ ಅಧ್ಯಯನವನ್ನು, ಎರಡು ಸಲ ಓದಿದೆ. ಈ ರೂಪದಲ್ಲಿ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಹನ್ನೆರಡು ಪುಟ ಮ್ಯಾನ್‌ಹೈಮ್, ಬರ್ಗರ್, ಲುಕ್‌ಮನ್, ಫುಕೋ ಎಂಬ ಪಾಶ್ಚಾತ್ಯ ಚಿಂತಕರಿಗೇ ಹೋಗಿವೆ. ನಮ್ಮೂರು ಬರುವಷ್ಟರಲ್ಲಿ ಓದುಗ ಎದ್ದು ಹೋಗಿರುತ್ತಾನೆ. ಅಲ್ಲೊಂದು ತಪ್ಪೂ ಇದೆ: ಇವರೆಲ್ಲ ಹೇಳಿದ್ದು ಒಂದೇ ಎಂದಿದ್ದೀರಿ. ಬರ್ಗರ್ ಮತ್ತು ಲುಕ್‌ಮನ್ 1966ರಲ್ಲಿ ಬರೆದದ್ದು, ದಿನದ ಬದುಕಿನಲ್ಲಿ ನಾವು 'ಇದು ಹೀಗೇ' ಎಂದು ನಂಬುವ ತಿಳಿವಳಿಕೆ ಹೇಗೆ ಗಟ್ಟಿಯಾಗುತ್ತದೆ ಎಂಬುದರ ಬಗ್ಗೆ. ಯಾರು, ಎಲ್ಲಿ ನಿಂತು ಆಡಿದ ಮಾತು ಸತ್ಯವಾಗಿ ಸಲ್ಲುತ್ತದೆ ಎಂಬುದು ಫುಕೋ ಅವರ ಪ್ರಶ್ನೆ. ಎರಡನ್ನೂ ಬೆಸೆಯಲು ಜರ್ಮನಿಯ ಸಮಾಜಶಾಸ್ತ್ರಜ್ಞ ರೈನರ್ ಕೆಲ್ಲರ್ ಬೇರೆಯೇ ದಾರಿ ಕಟ್ಟಬೇಕಾಯಿತು. ಅವರು ಹಿಡಿದ ವಸ್ತು ಯಾವುದು ಗೊತ್ತೇ? ಕಸ! ಜರ್ಮನಿ ಮತ್ತು ಫ್ರಾನ್ಸ್‌ನಲ್ಲಿ ಕಸದ ಬಗ್ಗೆ ನಡೆದ ಸಾರ್ವಜನಿಕ ಚರ್ಚೆಗಳನ್ನು ಹೋಲಿಸಿ ನೋಡಿದರು.

ನಿಮ್ಮ ಕೈಯಲ್ಲೂ ಅಂಥ ಗಟ್ಟಿ ವಸ್ತುವಿದೆ. ಹದಿಮೂರನೇ ಪುಟದಲ್ಲಿ ನಿಮ್ಮ ಅಜ್ಜಿ ಹೇಳುತ್ತಾರೆ: "ಸಂತ್ರಸ್ತರು ಅಂತ ಹೆಸರಿಟ್ಟವರು ಆಫೀಸಿನವರು ತಮ್ಮಾ, ನಾವು ಒಕ್ಕಲುತನ ಮಾಡವ್ರು." ಅದರ ಮುಂದೆಯೇ ಪರಿಹಾರದ ಫಾರ್ಮಿನ ವಿವರ. ಹೊಲಕ್ಕೆ, ಮನೆಗೆ, ಬಾವಿಗೆ, ಗಿಡಮರಕ್ಕೆ ಕಾಲಂ ಇದೆ. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಹೆಸರಿಲ್ಲದೆ, ಸುಗ್ಗಿಯಲ್ಲಿ ದುಡಿಮೆಗೆ ಆಯದ ಕಾಳು ಪಡೆದು ಬದುಕುತ್ತಿದ್ದ ಬಡಿಗನಿಗೆ ಕಾಲಂ ಇಲ್ಲ. ಫಾರ್ಮ್ ಯಾವುದನ್ನು ನಷ್ಟವೆಂದು ಒಪ್ಪಿತು, ಯಾವುದು ಅದರ ಕಣ್ಣಿಗೇ ಬೀಳಲಿಲ್ಲ ಎಂಬುದು ಅಲ್ಲೇ ಕಾಣುತ್ತದೆ. ಇದನ್ನು ನೀವು ಎರಡು ಸಾಲಿನಲ್ಲಿ ಮುಗಿಸಿ, ಪತ್ರಿಕೆಗಳಲ್ಲಿ 'ಸಂತ್ರಸ್ತ' ಎಷ್ಟು ಸಲ ಬಂದಿದೆ ಎಂದು ಎಣಿಸುತ್ತ ಕೂತಿದ್ದೀರಿ. ಆ ಕೋಷ್ಟಕ ತೆಗೆಯಿರಿ.

ಇನ್ನೊಂದು ಮಾತು ಒಪ್ಪಲಾರೆ. 'ಸಂತ್ರಸ್ತ' ಎಂಬ ಪದವನ್ನು ಅಧಿಕಾರ ಜನರ ಮೇಲೆ ಹೇರಿತು, ಅಷ್ಟೇ ಎನ್ನುತ್ತೀರಿ. ಅದೇ ಜನ ಆ ಪದ ಹಿಡಿದು ಧರಣಿ ಕೂತರಲ್ಲ? ಅವರ ಮಕ್ಕಳು ನೌಕರಿ ಅರ್ಜಿಯಲ್ಲಿ 'ಯೋಜನಾ ನಿರಾಶ್ರಿತ' ಮೀಸಲಾತಿ ಕೇಳುತ್ತಾರಲ್ಲ? ಹೇರಿದ ಹೆಸರು ಹಕ್ಕಿನ ಹೆಸರೂ ಆಯಿತು. ಲಾಲ್ ಬಹದ್ದೂರ್ ಶಾಸ್ತ್ರಿ 1964ರಲ್ಲಿ ಆಲಮಟ್ಟಿಗೆ ಅಡಿಗಲ್ಲು ಇಟ್ಟಾಗ ನಿಮ್ಮ ಓಣಿಯವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರು? ಮುಳುಗಡೆಯಾದವರಿಗೆಂದು ಕಟ್ಟಿದ ನವನಗರಕ್ಕೆ ಬಂದ ಮೇಲೆ? ಅಣೆಕಟ್ಟೆಯನ್ನು 519.60ರಿಂದ 524.256 ಮೀಟರಿಗೆ ಎತ್ತರಿಸುವ ಮಾತು ಈಗ ನಮ್ಮಲ್ಲಿ ಚಹಾದ ಅಂಗಡಿಯಲ್ಲೂ ನಡೆಯುತ್ತದೆ. ಎಂಜಿನಿಯರರ ಅಂಕಿ ಊರವರ ಬಾಯಿಗೆ ಯಾವ ದಾರಿಯಲ್ಲಿ ಬಂತು? ಇದನ್ನು ಬೆನ್ನುಹತ್ತಿದರೆ ಲೇಖನ ತಾನಾಗಿ ಬೆಳೆಯುತ್ತದೆ.

ಫುಕೋಗೆ ಒಂದು ಪ್ಯಾರಾ ಸಾಕು. ಅಜ್ಜಿಯ ಹತ್ತಿರ ಮತ್ತೊಮ್ಮೆ ಕೂತು, ಆ ಬಡಿಗನ ಮನೆಯವರು ಈಗ ಎಲ್ಲಿದ್ದಾರೆ ಎಂದು ಕೇಳಿ. ಅವರನ್ನು ಭೇಟಿಯಾದ ಮೇಲೆ ತಿದ್ದಿ ಕಳಿಸಿ. ನಾನು ಕಾಯುತ್ತೇನೆ.

ನಿಮ್ಮ,
ಸಂಪಾದಕ