ಪಿಎಚ್ ಬೆನ್ನು ಹತ್ತಬೇಡಿ, ಕೆಎಚ್ ಅಳೆಯಿರಿ

ಉಪ್ಪುನೀರಿನ ಅಕ್ವೇರಿಯಂ ಇಟ್ಟವರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ: ‘ಪಿಎಚ್ ಏರುತ್ತಿಲ್ಲ, ಯಾವ ಪುಡಿ ಹಾಕಲಿ?’ ಪುಡಿಯ ಮೇಲೆ ಪುಡಿ ಮಾರಿ ಕಳಿಸುವ ಅಂಗಡಿಗಳು ಇರುವವರೆಗೆ ಈ ಪ್ರಶ್ನೆ ನಿಲ್ಲುವುದಿಲ್ಲ. ಆದ್ದರಿಂದ ಈ ಸಲದ ಜಾಗ ಬಹುಪಾಲು ಅದಕ್ಕೇ. ಪಿಎಚ್ ಎಂದರೆ ನೀರು ಆಮ್ಲವೋ ಕ್ಷಾರವೋ ಎಂಬ ಅಳತೆ. ಕೆಎಚ್ ಎಂದರೆ ಪಿಎಚ್ ಇಳಿಯದಂತೆ ತಡೆಯುವ ಕಾರ್ಬೊನೇಟ್ ಕ್ಷಾರ ನೀರಿನಲ್ಲಿ ಎಷ್ಟಿದೆ ಎಂಬ ಅಳತೆ, ಡಿಗ್ರಿಯಲ್ಲಿ. ತೊಟ್ಟಿ ಸೈಕಲ್ ಆಗಿದೆ (ಅಮೋನಿಯಾ ಕಳೆಯುವ ಬ್ಯಾಕ್ಟೀರಿಯಾ ನೆಲೆಯೂರಿವೆ), ಉಪ್ಪು 35 ಪಿಪಿಟಿ (ಸಾವಿರಕ್ಕೆ 35 ಪಾಲು) ಇದೆ, ಬಳಸುವುದು ಲವಣಗಳನ್ನೆಲ್ಲ ಸೋಸಿ ತೆಗೆದ ಆರ್‌ಓ-ಡಿಐ ನೀರು ಎಂದುಕೊಂಡೇ ಬರೆದಿದ್ದೇನೆ. ಇವು ಸರಿಯಿಲ್ಲದವರು ಮೊದಲು ಸರಿಮಾಡಿಕೊಂಡು ಬನ್ನಿ.

ಪ್ರಶ್ನೆ: ಮೂರಡಿ ತೊಟ್ಟಿ. ಎರಡು ಕ್ಲೌನ್ ಮೀನು, ಒಂದು ಗೋಬಿ ಮೀನು, ಸೀಗಡಿ, ಸ್ವಲ್ಪ ಮೆದು ಹವಳ. ಬೆಳಿಗ್ಗೆ ಪಿಎಚ್ 7.8 ತೋರಿಸುತ್ತದೆ. ಅಂಗಡಿಯವರು ಕೊಟ್ಟ ಪಿಎಚ್ ಬಫರ್ ಪುಡಿಯನ್ನು ಮೂರು ವಾರದಿಂದ ದಿನಾ ಒಂದು ಟೀ ಚಮಚ ಹಾಕುತ್ತಿದ್ದೇನೆ. ಹಾಕಿದಾಗ 8.2 ಆಗುತ್ತದೆ, ಮರುದಿನ ಮತ್ತೆ 7.8. ಹೀಟರ್ ಮೇಲೆ ಬಿಳಿ ಪದರ ಕಟ್ಟಿದೆ, ಮರಳು ಗಟ್ಟಿಯಾಗಿದೆ. ಕೆಎಚ್ ಈಗ 14. ಪುಡಿ ಜಾಸ್ತಿ ಮಾಡಲೇ? (ಬೆಂಗಳೂರು)

ಇಂದೇ ಆ ಡಬ್ಬಿ ಮುಚ್ಚಿಡಿ. ನಿಮ್ಮ ನೀರಿನಲ್ಲಿ ಕ್ಷಾರ ಕಡಿಮೆಯಾಗಿಲ್ಲ, ವಿಪರೀತವಾಗಿದೆ. ಸಮುದ್ರದ ನೀರಿನ ಕೆಎಚ್ 7ರ ಆಸುಪಾಸಿನಲ್ಲಿರುತ್ತದೆ. ಮನೆಯ ತೊಟ್ಟಿಯಲ್ಲಿ ಅದು 7ರಿಂದ 10ರೊಳಗೆ ಎಲ್ಲಿದ್ದರೂ ಸರಿ, ಆದರೆ ಇದ್ದಲ್ಲೇ ಇರಬೇಕು.

ಲೆಕ್ಕ ಹಾಕಿ ನೋಡಿ. ಮೂರಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಗೆ ಅಂಚಿನವರೆಗೆ ತುಂಬಿದರೆ 159 ಲೀಟರ್ ಹಿಡಿಯುತ್ತದೆ. ಕಲ್ಲು, ಮರಳು, ಮೇಲೆ ಬಿಟ್ಟ ಖಾಲಿ ಜಾಗ ಕಳೆದರೆ ನೀರು ಸುಮಾರು 125 ಲೀಟರ್. ನಿಮ್ಮ ಪುಡಿ ಬರೀ ಅಡುಗೆ ಸೋಡಾ ಎಂದೇ ಇಟ್ಟುಕೊಳ್ಳೋಣ. ಒಂದು ಲೀಟರ್ ನೀರಿನ ಕೆಎಚ್ ಒಂದು ಡಿಗ್ರಿ ಏರಲು 30 ಮಿಲಿಗ್ರಾಂ ಸೋಡಾ ಸಾಕು. ಚಮಚಕ್ಕೆ 5 ಗ್ರಾಂ ಎಂದರೆ ದಿನಕ್ಕೆ 1.3 ಡಿಗ್ರಿ, ಮೂರು ವಾರಕ್ಕೆ 27 ಡಿಗ್ರಿ. 8ರಿಂದ ಶುರುವಾಗಿದ್ದರೂ ಈಗ ಕೆಎಚ್ 35 ಇರಬೇಕಿತ್ತು. 14ಕ್ಕೆ ನಿಂತಿದೆ ಎಂದರೆ ಉಳಿದದ್ದು ಎಲ್ಲಿ ಹೋಯಿತು? ಹೀಟರ್ ಮೇಲಿನ ಪದರ ಅದೇ, ಮರಳನ್ನು ಗಾರೆಯಂತೆ ಹಿಡಿದಿರುವುದೂ ಅದೇ. ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂತಿದೆ. ಹೀಗೆ ಕೂರುವ ಒಂದೊಂದು ಡಿಗ್ರಿಯೂ ನೀರಿನಿಂದ 7 ಪಿಪಿಎಂ (ಹತ್ತು ಲಕ್ಷಕ್ಕೆ 7 ಪಾಲು) ಕ್ಯಾಲ್ಸಿಯಂ ಎಳೆದುಕೊಂಡು ಹೋಗುತ್ತದೆ. ಇವತ್ತೇ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಳೆಯಿರಿ. ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1250ರಿಂದ 1350 ಪಿಪಿಎಂ ಇರಬೇಕು. ಮೆಗ್ನೀಸಿಯಂ ಕಡಿಮೆಯಿದ್ದರೆ ಈ ಗಟ್ಟಿಯಾಗುವಿಕೆ ಇನ್ನೂ ಬೇಗ ಆಗುತ್ತದೆ.

ಇನ್ನು ಪಿಎಚ್ ಯಾಕೆ ಏರುತ್ತಿಲ್ಲ ಎಂಬುದು. ಪಿಎಚ್ ಎಷ್ಟಿರಬೇಕೆಂದು ತೀರ್ಮಾನಿಸುವವು ಎರಡು: ನೀರಿನ ಕೆಎಚ್, ಮತ್ತು ಅದರಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್. ಕೆಎಚ್ ಬದಲಾಗದೆ ಡೈಆಕ್ಸೈಡ್ ಮಾತ್ರ ಎರಡರಷ್ಟಾದರೆ ಪಿಎಚ್ ಸುಮಾರು 0.3 ಇಳಿಯುತ್ತದೆ. ಹೊರಗಿನ ಗಾಳಿಯಲ್ಲಿ ಡೈಆಕ್ಸೈಡ್ 420 ಪಿಪಿಎಂ ಆಸುಪಾಸು. ಸಂಜೆ ಸೊಳ್ಳೆಗೆ ಹೆದರಿ ಕಿಟಕಿಯೆಲ್ಲ ಮುಚ್ಚಿ, ಗ್ಯಾಸ್ ಒಲೆ ಹಚ್ಚಿ, ನಾಲ್ಕು ಜನ ಮಲಗುವ ಮನೆಯಲ್ಲಿ ಅದು 1000 ದಾಟುವುದು ಕಷ್ಟವೇ ಅಲ್ಲ. ರಾತ್ರಿ ದೀಪ ಆರಿದ ಮೇಲೆ ತೊಟ್ಟಿಯ ಪಾಚಿಯೂ ಹವಳವೂ ಡೈಆಕ್ಸೈಡ್ ಬಿಡುತ್ತವೆ. ಹಾಗಾಗಿ ಬೆಳಗಿನ ದೀಪ ಹತ್ತುವ ಮುಂಚಿನ ಅಳತೆಯೇ ದಿನದ ಅತಿ ಕಡಿಮೆ ಅಳತೆ.

ಪುಡಿ ಹಾಕಿದ ಕೂಡಲೆ ಅದರಲ್ಲಿರುವ ಕಾರ್ಬೊನೇಟ್ ನೀರಿನ ಡೈಆಕ್ಸೈಡನ್ನು ಹೀರುತ್ತದೆ, ಪಿಎಚ್ ಏರುತ್ತದೆ. ಬೆಳಗಾಗುವುದರೊಳಗೆ ಕೋಣೆಯ ಗಾಳಿಯಿಂದ ಅಷ್ಟೇ ಡೈಆಕ್ಸೈಡ್ ವಾಪಸ್ ಬಂದು ಸೇರುತ್ತದೆ. ಪಿಎಚ್ ಕೆಳಗಿಳಿಯುತ್ತದೆ, ಕೆಎಚ್ ಮಾತ್ರ ಏರಿದಲ್ಲೇ ಉಳಿಯುತ್ತದೆ. ಅದೇ ಗಾಳಿಯಲ್ಲಿ ಬರೀ ಪುಡಿಯಿಂದ ಪಿಎಚ್ 0.3 ಏರಿಸಿ ನಿಲ್ಲಿಸಬೇಕೆಂದರೆ ಕೆಎಚ್ ಎರಡರಷ್ಟಕ್ಕೂ ಮೀರಬೇಕು. ಅಷ್ಟು ಏರುವ ಮೊದಲೇ ಅದು ಸುಣ್ಣದ ಪದರವಾಗಿ ಕೂರುತ್ತದೆ. ಇದನ್ನು ಹೇಳದೆ ಡಬ್ಬಿ ಮಾರುವವರು ನಿಮಗೆ ಅನ್ಯಾಯ ಮಾಡಿದ್ದಾರೆ.

ಕಾರಣ ಗಾಳಿಯೇ ಹೌದೋ ಎಂದು ಎರಡು ಗಂಟೆಯಲ್ಲಿ ಪರೀಕ್ಷಿಸಬಹುದು. ಬೆಳಿಗ್ಗೆ ಒಂದು ಲೀಟರ್ ತೊಟ್ಟಿಯ ನೀರು ತೆಗೆದು ಪಿಎಚ್ ಬರೆದಿಟ್ಟುಕೊಳ್ಳಿ. ಪಾತ್ರೆಯನ್ನೂ ಏರ್ ಪಂಪನ್ನೂ ಬಾಲ್ಕನಿಗೆ ಒಯ್ದು ಒಂದು ಗಂಟೆ ಗಾಳಿ ಬಿಡಿ, ಮತ್ತೆ ಅಳೆಯಿರಿ. ಬಳಿಕ ಬೇರೆ ಒಂದು ಲೀಟರ್ ತೆಗೆದು ತೊಟ್ಟಿಯ ಪಕ್ಕದಲ್ಲೇ ಹಾಗೆ ಮಾಡಿ. ಹೊರಗೆ ಮಾತ್ರ ಪಿಎಚ್ ಏರಿದರೆ ಕೋಣೆಯ ಗಾಳಿ ಕೆಟ್ಟಿದೆ. ಒಳಗೂ ಏರಿದರೆ ತೊಟ್ಟಿಗೆ ಗಾಳಿ ಸಾಲುತ್ತಿಲ್ಲ, ನೀರಿನ ಮೇಲ್ಮೈ ಕಲಕುವಂತೆ, ನೀರು ತಳ್ಳುವ ಸಣ್ಣ ಪಂಪ್ ಆದ ಪವರ್‌ಹೆಡ್ ಮೇಲಕ್ಕೆ ತಿರುಗಿಸಿ, ಗಾಜಿನ ಮುಚ್ಚಳ ತೆಗೆಯಿರಿ. ಎರಡೂ ಕಡೆ ಏರದಿದ್ದರೆ ಮಾತ್ರ ಕೆಎಚ್ ಕಡಿಮೆಯೇ ಎಂದು ಯೋಚಿಸಬೇಕು. ನಿಮ್ಮದರಲ್ಲಿ ಆ ಮಾತೇ ಇಲ್ಲ.

ಕೋಣೆಯ ಗಾಳಿಯೇ ಕಾರಣವಾದರೆ ಮೊದಲ ಮದ್ದು ಕಿಟಕಿ. ಅದಾಗದಿದ್ದರೆ ಸ್ಕಿಮ್ಮರ್ (ಗಾಳಿಗುಳ್ಳೆಯಿಂದ ಕೊಳೆ ತೆಗೆಯುವ ಯಂತ್ರ) ಗಾಳಿ ಎಳೆಯುವ ನಳಿಕೆಗೆ ಪೈಪ್ ಜೋಡಿಸಿ ಕಿಟಕಿಯಾಚೆ ಬಿಡಿ, ತುದಿಗೆ ಸೊಳ್ಳೆ ಜಾಲರಿ ಕಟ್ಟಿ. ಪೈಪ್ ಉದ್ದವಾದಷ್ಟೂ ಗಾಳಿ ಎಳೆಯುವುದು ಕಷ್ಟ, ಆದ್ದರಿಂದ ನಳಿಕೆಗಿಂತ ದಪ್ಪನೆಯ ಪೈಪ್ ತಗೊಳ್ಳಿ. ಒಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ: ಬೀದಿಯಲ್ಲಿ ಸೊಳ್ಳೆಗೆ ಹೊಗೆ ಬಿಡುವ ದಿನ ಆ ಪೈಪನ್ನು ಒಳಗೆ ಎಳೆದುಕೊಳ್ಳಿ. ಆ ಹೊಗೆಯಲ್ಲಿರುವ ಕೀಟನಾಶಕ ಸೀಗಡಿಗೆ ವಿಷ. ಮನೆಯೊಳಗೆ ಹಚ್ಚುವ ಸೊಳ್ಳೆ ಲಿಕ್ವಿಡನ್ನೂ ತೊಟ್ಟಿಯ ಕೋಣೆಯಲ್ಲಿ ಇಡಬೇಡಿ. ಸಂಪ್ (ಅಕ್ವೇರಿಯಂಗೆ ಜೋಡಿಸಿದ ಎರಡನೇ ತೊಟ್ಟಿ) ಇದ್ದರೆ ಅದರಲ್ಲಿ ಕೀಟೊ ಎಂಬ ಹಸಿರು ಪಾಚಿ ಬೆಳೆಸಿ, ತೊಟ್ಟಿಯ ದೀಪ ಆರಿದ ಮೇಲೆ ಅದರ ದೀಪ ಹತ್ತುವಂತೆ ಟೈಮರ್ ಇಡಿ. ರಾತ್ರಿಯ ಇಳಿತ ಕಡಿಮೆಯಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಬೆಳಿಗ್ಗೆ 7.9ರಲ್ಲೇ ನಿಂತರೆ ಬಿಟ್ಟುಬಿಡಿ. 7.8ರಿಂದ 8.4ರೊಳಗೆ ನಿಮ್ಮ ಮೀನು, ಮೆದು ಹವಳ ಚೆನ್ನಾಗಿಯೇ ಬದುಕುತ್ತವೆ. ಅವಕ್ಕೆ ಪೆಟ್ಟು ಕೊಡುವುದು ದಿನಾ ಒಂದೇ ಗಂಟೆಯಲ್ಲಿ 0.4 ಜಿಗಿಸುವ ನಿಮ್ಮ ಚಮಚ.

14ಕ್ಕೆ ಏರಿದ ಕೆಎಚ್ ಇಳಿಸಲು ಆಸಿಡ್ ಸುರಿಯಬೇಡಿ. ವಿನೆಗರ್, ನಿಂಬೆರಸ ಯಾವುದೂ ಬೇಡ. ನೀರು ಬದಲಿಸಿ. 125 ಲೀಟರಿಗೆ ಕೆಎಚ್ 8 ಇರುವ ಹೊಸ ನೀರು 12 ಲೀಟರ್ ಬದಲಿಸಿದರೆ ಸುಮಾರು 0.6 ಇಳಿಯುತ್ತದೆ. ಎರಡು ದಿನಕ್ಕೊಮ್ಮೆ ಹೀಗೆ ಮಾಡುತ್ತ 9ಕ್ಕೆ ಬನ್ನಿ, ಅವಸರ ಬೇಡ. ಹೊಸ ನೀರಿನ ಕೆಎಚ್ ಅಳೆದೇ ಹಾಕಬೇಕು. ಕೆಲವು ಉಪ್ಪಿನ ಮಿಶ್ರಣಗಳು 8 ಕೊಡುತ್ತವೆ, ಕೆಲವು 11–12 ಕೊಡುತ್ತವೆ. ಪದರ ಕಟ್ಟಿದ ಹೀಟರನ್ನು ಹೊರಗೆ ತೆಗೆದು ವಿನೆಗರ್ ಬೆರೆಸಿದ ನೀರಲ್ಲಿ ನೆನೆಸಿ ತೊಳೆಯಿರಿ. ತೆಗೆಯುವ ಕಾಲು ಗಂಟೆ ಮೊದಲೇ ಪ್ಲಗ್ ತೆಗೆದಿರಬೇಕು, ಬಿಸಿ ಗಾಜು ಒಡೆಯುತ್ತದೆ. ಗಟ್ಟಿಯಾದ ಮರಳನ್ನು ಒಂದೇ ದಿನ ಕೆದಕಬೇಡಿ, ಅಡಿಯಲ್ಲಿ ಕೂತ ಕೊಳೆ ಮೇಲೇಳುತ್ತದೆ.

ಮುಂದೆ ಪುಡಿ ಬೇಕೇ ಬೇಡವೇ ಎಂಬುದನ್ನು ತೊಟ್ಟಿಯೇ ಹೇಳಲಿ. ಏನೂ ಹಾಕದೆ, ನೀರು ಬದಲಿಸದೆ ನಾಲ್ಕು ದಿನ ಒಂದೇ ಹೊತ್ತಿಗೆ ಕೆಎಚ್ ಅಳೆಯಿರಿ. 8.6 ಇದ್ದದ್ದು 8.0 ಆದರೆ ದಿನಕ್ಕೆ 0.15 ಖರ್ಚು. 0.15ನ್ನು 125ರಿಂದ, ಅದನ್ನು 30 ಮಿಲಿಗ್ರಾಂನಿಂದ ಗುಣಿಸಿದರೆ ದಿನಕ್ಕೆ ಅರ್ಧ ಗ್ರಾಂ ಸೋಡಾ. ಗಟ್ಟಿ ಹವಳ ಇಲ್ಲದ ತೊಟ್ಟಿಯಲ್ಲೂ ಈ ಖರ್ಚು ಇರುತ್ತದೆ. ಕಲ್ಲಿನ ಮೇಲೆ ಬೆಳೆಯುವ ನೇರಳೆ ಪಾಚಿ ಸ್ವಲ್ಪ ತಿನ್ನುತ್ತದೆ. ಮೀನಿನ ಅಮೋನಿಯಾ ನೈಟ್ರೇಟ್ ಆಗುವಾಗಲೂ ಕ್ಷಾರ ಕಳೆಯುತ್ತದೆ, 50 ಪಿಪಿಎಂ ನೈಟ್ರೇಟ್ ಹುಟ್ಟುವಷ್ಟರಲ್ಲಿ 2.3 ಡಿಗ್ರಿ ಹೋಗಿರುತ್ತದೆ. ವಾರಕ್ಕೊಮ್ಮೆ ನೀರು ಬದಲಿಸುವವರಿಗೆ ಅದರಲ್ಲೇ ಇದು ತುಂಬಿಬರುವುದೂ ಉಂಟು.

ಸೋಡಾ ಹಾಕಬೇಕಾದರೆ ಅರ್ಧ ಲೀಟರ್ ಆರ್‌ಓ ನೀರಲ್ಲಿ ಪೂರ್ತಿ ಕರಗಿಸಿ, ನೀರು ಜೋರಾಗಿ ಹರಿಯುವ ಕಡೆ ನಿಧಾನವಾಗಿ ಬಿಡಿ. ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಎಂದೂ ಏರಿಸಬೇಡಿ, ಅರ್ಧ ಡಿಗ್ರಿಯಾದರೆ ಇನ್ನೂ ಒಳ್ಳೆಯದು. ಕ್ಯಾಲ್ಸಿಯಂ ಕ್ಲೋರೈಡ್ ಕೂಡ ಹಾಕುವವರು ಎರಡರ ನಡುವೆ ಅರ್ಧ ಗಂಟೆ ಬಿಡಿ, ಇಲ್ಲದಿದ್ದರೆ ನೀರು ಹಾಲಿನಂತಾಗುತ್ತದೆ. ಪಿಎಚ್ ಕೂಡ ತುಸು ಮೇಲಿರಲಿ ಎನ್ನುವವರು ಸೋಡಾವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಓವನ್‌ನಲ್ಲಿ 200 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಅದು ಸೋಡಿಯಂ ಕಾರ್ಬೊನೇಟ್ ಆಗುತ್ತದೆ. 100 ಗ್ರಾಂ ಇದ್ದದ್ದು 63 ಗ್ರಾಂಗೆ ಇಳಿದಿದ್ದರೆ ಪೂರ್ತಿ ಆಗಿದೆ. ಇದರ ಪ್ರಮಾಣ ಲೀಟರಿಗೆ ಡಿಗ್ರಿಗೆ 30 ಅಲ್ಲ, 19 ಮಿಲಿಗ್ರಾಂ.

ಪ್ರಶ್ನೆ: ಕೆಎಚ್ ಅಳೆದರೆ ಇಬ್ಬರ ಕಿಟ್‌ನಲ್ಲಿ ಎರಡು ಅಳತೆ ಬರುತ್ತಿದೆ. ಯಾವುದನ್ನು ನಂಬುವುದು? (ಮೈಸೂರು)

ಎರಡನ್ನೂ ನಂಬಬೇಡಿ, ಪರೀಕ್ಷಿಸಿ. ಅಡುಗೆ ಸೋಡಾ 3.00 ಗ್ರಾಂ ತೂಗಿ ಒಂದು ಲೀಟರ್ ಡಿಐ ನೀರಲ್ಲಿ ಕರಗಿಸಿ. ಅದರಲ್ಲಿ 100 ಮಿಲಿ ತೆಗೆದು ಮತ್ತೆ ಡಿಐ ನೀರು ಸೇರಿಸಿ ಒಂದು ಲೀಟರ್ ಮಾಡಿ. ಇದರ ಕೆಎಚ್ 10. ಚಿನ್ನ ತೂಗುವ ತರಹದ, 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು. ನಿಮ್ಮ ಹನಿ ಕಿಟ್ ಇದಕ್ಕೆ 10ರ ಹತ್ತಿರ ತೋರಿಸದಿದ್ದರೆ ಎಸೆಯಿರಿ. 5 ಮಿಲಿ ನೀರಿಗೆ ಹನಿಗೆ ಒಂದು ಡಿಗ್ರಿ ಲೆಕ್ಕದ ಕಿಟ್ ಆದರೆ 10 ಮಿಲಿ ನೀರು ತೆಗೆದುಕೊಳ್ಳಿ, ಆಗ ಹನಿಗೆ ಅರ್ಧ ಡಿಗ್ರಿ. ಬಾಟಲಿ ನೆಟ್ಟಗೆ ಹಿಡಿದು ಹನಿಸಿ, ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ.

ಪಿಎಚ್ ಪೆನ್ ಇದ್ದವರು ಅದನ್ನು ಪಿಎಚ್ 7 ಮತ್ತು 10 ಎಂದು ಗೊತ್ತಿರುವ ಬಫರ್ ದ್ರವದಲ್ಲಿ ತಿಂಗಳಿಗೊಮ್ಮೆ ಸರಿಪಡಿಸಿಕೊಳ್ಳಿ. 4ರ ದ್ರವ ಕಡಲ ನೀರಿಗೆ ಉಪಯೋಗವಿಲ್ಲ. ತುದಿಯನ್ನು ಆರ್‌ಓ ನೀರಲ್ಲಿ ನೆನೆಸಿಡಬೇಡಿ, ಹಾಳಾಗುತ್ತದೆ. ಪೊಟ್ಯಾಸಿಯಂ ಕ್ಲೋರೈಡ್ ದ್ರವದಲ್ಲಿಡಿ.

ಪ್ರಶ್ನೆ: ಎಲೆ-ಅಡಿಕೆಯ ಸುಣ್ಣದಿಂದ ತಿಳಿನೀರು ಮಾಡಿ ಹಾಕಬಹುದೇ? (ಶಿರಸಿ)

ಸುಣ್ಣದ ತಿಳಿ ಒಳ್ಳೆಯ ವಿಧಾನವೇ, ಎಲೆ-ಅಡಿಕೆಯ ಸುಣ್ಣ ಬೇಡ. ಅದರಲ್ಲಿ ಏನೇನು ಬೆರೆತಿದೆ ಎಂದು ಡಬ್ಬಿ ಹೇಳುವುದಿಲ್ಲ. ಆಹಾರ ದರ್ಜೆಯ ಅಥವಾ ಲ್ಯಾಬ್ ದರ್ಜೆಯ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತನ್ನಿ. ಲೀಟರ್ ಆರ್‌ಓ ನೀರಿಗೆ 2 ಗ್ರಾಂ ಕಲಸಿ, ಮುಚ್ಚಿಟ್ಟು, ಮೇಲಿನ ತಿಳಿ ಮಾತ್ರ ಬಳಸಿ. ಆ ತಿಳಿಯ ಪಿಎಚ್ 12 ದಾಟಿರುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ, ಮಕ್ಕಳ ಕೈಗೆ ಸಿಗದಿರಲಿ. 125 ಲೀಟರಿಗೆ ಒಂದು ಲೀಟರ್ ತಿಳಿ ಹಾಕಿದರೆ ಕೆಎಚ್ 0.9 ಏರುತ್ತದೆ. ಒಮ್ಮೆಗೇ ಸುರಿದರೆ ಮೀನು ಉಳಿಯುವುದಿಲ್ಲ, ರಾತ್ರಿಯಿಡೀ ಹನಿಹನಿಯಾಗಿ, ಆವಿಯಾದ ನೀರಿನ ಬದಲಿಗೆ ಬಿಡಬೇಕು. ದಿನದ ಖರ್ಚು 0.3 ಇಲ್ಲದ ತೊಟ್ಟಿಗೆ ಇದರ ಗೊಡವೆಯೇ ಬೇಡ.

ಪ್ರಶ್ನೆ: ಕಪ್ಪೆಚಿಪ್ಪು, ಹವಳದ ತುಂಡು ಹಾಕಿದರೆ ಪಿಎಚ್ ತಾನಾಗಿಯೇ ಏರುವುದಂತೆ? (ಭಟ್ಕಳ)

ಪಿಎಚ್ 8ರ ನೀರಲ್ಲಿ ಚಿಪ್ಪು ಕರಗುವುದಿಲ್ಲ, ಕರಗದ ಚಿಪ್ಪು ಏನನ್ನೂ ಏರಿಸುವುದಿಲ್ಲ. ನೇತ್ರಾಣಿ ದ್ವೀಪದಿಂದಲೋ ದಡದಿಂದಲೋ ಹವಳ ಹೆಕ್ಕಿ ತರುವ ಯೋಚನೆ ಬಿಡಿ. ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದ ರಕ್ಷಣೆ ಇದೆ, ಅದು ಅಪರಾಧ.

ಪ್ರಶ್ನೆ: ಅಡುಗೆ ಸೋಡಾ ಇಲ್ಲ, ಬೇಕಿಂಗ್ ಪೌಡರ್ ಆಗುತ್ತದೆಯೇ? (ಹುಬ್ಬಳ್ಳಿ)

ಆಗುವುದಿಲ್ಲ. ಅದರಲ್ಲಿ ಆಮ್ಲವೂ ಪಿಷ್ಟವೂ ಇದೆ. ಹೊಟ್ಟೆಯುಬ್ಬರಕ್ಕೆ ಕುಡಿಯುವ ಫ್ರೂಟ್ ಸಾಲ್ಟ್, ಬಟ್ಟೆ ಒಗೆಯುವ ಸೋಡಾ ಕೂಡ ಬೇಡ.

ಪ್ರಶ್ನೆ: ಮನೆಯ ಕುಡಿಯುವ ನೀರಿನ ಆರ್‌ಓ ಸಾಲದೇ? (ತುಮಕೂರು)

ಅದರಲ್ಲಿ ಟಿಡಿಎಸ್ (ನೀರಲ್ಲಿ ಕರಗಿದ ಲವಣ) ಹೊಂದಿಸುವ ತಿರುಪು ಇದ್ದರೆ ರುಚಿಗಾಗಿ ಬೋರ್ ನೀರನ್ನು ಮತ್ತೆ ಬೆರೆಸುತ್ತಿರುತ್ತದೆ. ತಿರುಪು ಪೂರ್ತಿ ಮುಚ್ಚಿಸಿ, ಮಿನರಲ್ ಕಾರ್ಟ್ರಿಜ್ ತೆಗೆಸಿ, ಕೊನೆಗೊಂದು ಡಿಐ ರೆಸಿನ್ ಹಾಕಿಸಿ. ಟಿಡಿಎಸ್ ಮೀಟರ್ 0 ತೋರಿಸಬೇಕು.

ಪ್ರಶ್ನೆ: ಮಲ್ಪೆಯಿಂದ ಕ್ಯಾನ್‌ನಲ್ಲಿ ಕಡಲ ನೀರು ತರುತ್ತೇನೆ, ಸರಿಯೇ? (ಉಡುಪಿ)

ಬಂದರಿನ, ಅಳಿವೆಯ ಬಳಿಯ ನೀರು ಬೇಡ. ಮಳೆಗಾಲದಲ್ಲಂತೂ ಹೊಳೆಯ ನೀರು ಬೆರೆತು ಉಪ್ಪೂ ಇಳಿದಿರುತ್ತದೆ, ಕೆಎಚ್ ಕೂಡ.

ಪ್ರಶ್ನೆ: ಬಾದಾಮಿ ಎಲೆ ಹಾಕಲೇ? (ದಾವಣಗೆರೆ)

ಅದು ಸಿಹಿನೀರಿನ ಮೀನಿಗೆ. ಇಲ್ಲಿ ಬೇಡ.