ಕಾಂಟ್ರಾಕ್ಟ್ ಕೆಲಸದ ದುಡ್ಡನ್ನು ರಿಟರ್ನ್‌ನಲ್ಲಿ ಸಂಬಳ ಅಂತ ತೋರಿಸಬಹುದಾ?

ನೀವು ಕೇಳಿರುವುದು ಇಷ್ಟು: ವೈಟ್‌ಫೀಲ್ಡ್‌ನ ಕಂಪನಿಯೊಂದಕ್ಕೆ ಕಾಂಟ್ರಾಕ್ಟ್ ಮೇಲೆ ಕೋಡಿಂಗ್ ಮಾಡುತ್ತಿದ್ದೀರಿ. ತಿಂಗಳಿಗೆ ಒಂದೂವರೆ ಲಕ್ಷ. ಪಿಎಫ್ ಇಲ್ಲ, ಫಾರ್ಮ್ 16 ಕೂಡ ಕೊಟ್ಟಿಲ್ಲ. ಎಚ್‌ಆರ್‌ನವರು "ಸಂಬಳ ಅಂತಲೇ ತೋರಿಸಿ ಐಟಿಆರ್-1 ಹಾಕಿಬಿಡಿ" ಅಂದಿದ್ದಾರೆ. ಹಾಗೆ ಮಾಡಬಹುದಾ?

ಬೇಡ. ನಾನೂ ಬೆಂಗಳೂರಿನಲ್ಲಿ ಕಾಂಟ್ರಾಕ್ಟ್ ಮೇಲೆ ಟೆಸ್ಟಿಂಗ್ ಮಾಡುವವಳು, ನನ್ನ ರಿಟರ್ನ್ ನಾನೇ ಹಾಕುತ್ತೇನೆ. ಮೊದಲು ಆದಾಯ ತೆರಿಗೆ ಪೋರ್ಟಲ್‌ನಲ್ಲಿ 26ಎಎಸ್ (ನಿಮ್ಮ ಹೆಸರಲ್ಲಿ ಕಡಿತವಾದ ತೆರಿಗೆಯ ಪಟ್ಟಿ) ತೆಗೆದು ನೋಡಿ. ಕಂಪನಿ ಹೆಸರಿನ ಕೆಳಗೆ ಸೆಕ್ಷನ್ ಅನ್ನೋ ಕಾಲಂ ಇರುತ್ತದೆ. 192 ಅಂತಿದ್ದರೆ ಸಂಬಳ. 194ಜೆ ಇಲ್ಲವೇ 194ಜೆಬಿ ಅಂತಿದ್ದರೆ ಅದು ವೃತ್ತಿಯ ಆದಾಯ. ಕಂಪನಿ ಇಲಾಖೆಗೆ ಒಂದು ಹೇಳಿ ನೀವು ಇನ್ನೊಂದು ಹೇಳಿದರೆ ನೋಟಿಸ್ ಬರುವುದು ನಿಮಗೆ, ಎಚ್‌ಆರ್‌ಗಲ್ಲ.

ಇನ್ನೊಂದು ಮಾತು. ರಜೆ ಇಲ್ಲ, ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಕಾನೂನು ನಮ್ಮಂಥವರಿಗೆ ಕೊಟ್ಟಿರುವ ಒಂದು ಅನುಕೂಲವನ್ನೂ ಸುಮ್ನೆ ಬಿಟ್ಟುಕೊಡುವುದು ನನಗೆ ಸರಿ ಕಾಣುವುದಿಲ್ಲ. ಅದು ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 44ಎಡಿಎ. ಐಟಿ, ಎಂಜಿನಿಯರಿಂಗ್, ವಕೀಲಿಕೆ, ವೈದ್ಯಕೀಯದಂಥ ಕೆಲವು ವೃತ್ತಿಗಳಲ್ಲಿ ವರ್ಷಕ್ಕೆ 50 ಲಕ್ಷದವರೆಗೆ ಬಂದ ದುಡ್ಡಿನಲ್ಲಿ ಕನಿಷ್ಠ ಅರ್ಧವನ್ನು ಆದಾಯ ಅಂತ ತೋರಿಸಿದರೆ ಸಾಕು. ನಗದಾಗಿ ಬಂದದ್ದು ಒಟ್ಟಿನ ಶೇಕಡ 5 ಮೀರದಿದ್ದರೆ ಮಿತಿ 75 ಲಕ್ಷ. ಲೆಕ್ಕದ ಪುಸ್ತಕ ಬೇಡ, ಖರ್ಚಿನ ಬಿಲ್ಲೂ ಬೇಡ. ಆದರೆ ಲ್ಯಾಪ್‌ಟಾಪು, ಇಂಟರ್ನೆಟ್ ಬಿಲ್ಲು ಅಂತ ಮತ್ತೆ ಬೇರೆ ಕಳೆಯುವ ಹಾಗಿಲ್ಲ.

2025-26ರ ಹಣಕಾಸು ವರ್ಷಕ್ಕೆ ನಿಮ್ಮ ಲೆಕ್ಕ ಹಾಕೋಣ, ಹೊಸ ತೆರಿಗೆ ಪದ್ಧತಿಯಲ್ಲಿ. ವರ್ಷಕ್ಕೆ 18 ಲಕ್ಷ. ಶೇಕಡ 10ರಂತೆ 1,80,000 ಟಿಡಿಎಸ್ (ಕಂಪನಿ ಮೊದಲೇ ಹಿಡಿದುಕೊಂಡ ತೆರಿಗೆ) ಹೋಗಿದೆ. ಸಂಬಳ ಅಂತ ತೋರಿಸಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೂ (ಅದು ನಿಮಗೆ ಸಲ್ಲುವುದೂ ಇಲ್ಲ) ಸೆಸ್ ಸೇರಿ ತೆರಿಗೆ 1,50,800. ಅದೇ 44ಎಡಿಎಯಲ್ಲಿ ಆದಾಯ 9 ಲಕ್ಷ. 12 ಲಕ್ಷದೊಳಗೆ ಇರುವುದರಿಂದ ರಿಬೇಟ್ (ತೆರಿಗೆ ಮಾಫಿ) ಸಿಕ್ಕಿ ತೆರಿಗೆ ಸೊನ್ನೆ. ಬೇರೆ ಆದಾಯ ಇಲ್ಲದಿದ್ದರೆ 1,80,000 ಪೂರ್ತಿ ವಾಪಸ್. ದೊಡ್ಡ ದುಡ್ಡು ಅಲ್ವಾ?

ಹಾಕಬೇಕಾದ್ದು ಐಟಿಆರ್-4. ಸಾಫ್ಟ್‌ವೇರ್ ಡೆವಲಪ್‌ಮೆಂಟ್‌ಗೆ ಕೋಡ್ 14001. ಒಟ್ಟು ಮೊತ್ತ ತುಂಬುವಾಗ ಜೋಪಾನ. ಬ್ಯಾಂಕಿಗೆ ಬರುವುದು ತಿಂಗಳಿಗೆ 1,35,000 ಅಂತ ಅದನ್ನೇ ಕೂಡಿಸಿ 16,20,000 ಬರೆಯಬೇಡಿ. ಟಿಡಿಎಸ್ ಸೇರಿಸಿ 18 ಲಕ್ಷವನ್ನೇ ಬರೆಯಿರಿ. ಎಸ್‌ಬಿ ಖಾತೆಯ ಬಡ್ಡಿ, ಎಫ್‌ಡಿ ಬಡ್ಡಿ ಪೋರ್ಟಲ್‌ನ ಎಐಎಸ್‌ನಲ್ಲಿ (ನಿಮ್ಮ ವರ್ಷದ ವ್ಯವಹಾರಗಳ ಪಟ್ಟಿ) ಕಾಣುತ್ತದೆ, ಅದನ್ನೂ ಸೇರಿಸಿ. ಶೇರು ಮಾರಿ ಶಾರ್ಟ್ ಟರ್ಮ್ ಲಾಭ ಬಂದಿದ್ದರೆ ಐಟಿಆರ್-4 ನಡೆಯುವುದಿಲ್ಲ, ಐಟಿಆರ್-3 ಹಾಕಬೇಕು. ಅಲ್ಲೂ 44ಎಡಿಎ ಸಿಗುತ್ತದೆ.

ಎಲ್ಲ ಫ್ರೀಲ್ಯಾನ್ಸರ್‌ಗಳಿಗೂ 44ಎಡಿಎ ಅನ್ವಯಿಸುವುದಿಲ್ಲ. ಉದಾಹರಣೆಗೆ, ಕಂಟೆಂಟ್ ರೈಟಿಂಗ್ ಆ ವೃತ್ತಿಗಳ ಪಟ್ಟಿಯಲ್ಲಿ ಇಲ್ಲ. ಅಂಥವರು ಸಿಎ ಒಬ್ಬರನ್ನು ಕೇಳುವುದು ಒಳ್ಳೆಯದು.

ವಿದೇಶದ ಕ್ಲೈಂಟ್‌ನಿಂದ ದುಡ್ಡು ಬಂದರೆ ಸಾಮಾನ್ಯವಾಗಿ ಟಿಡಿಎಸ್ ಇರುವುದಿಲ್ಲ. ಆಗ ಕಟ್ಟಬೇಕಾದ ತೆರಿಗೆ 10,000 ಮುಟ್ಟಿದರೆ ಮಾರ್ಚ್ 15ರೊಳಗೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಿ, ಇಲ್ಲದಿದ್ದರೆ ಬಡ್ಡಿ ಬೀಳುತ್ತದೆ. ಜಿಎಸ್‌ಟಿ ಕಡೆಗೂ ಒಂದು ಕಣ್ಣಿರಲಿ. ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು. ನೀವು 18ರಲ್ಲಿದ್ದೀರಿ, ಮುಂದಿನ ಸಲ ರೇಟು ಜಾಸ್ತಿ ಮಾಡಿಸಿಕೊಳ್ಳುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ರಿಟರ್ನ್ ಹಾಕಿದ ಮೇಲೆ 30 ದಿನದೊಳಗೆ ಆಧಾರ್ ಒಟಿಪಿ ಕೊಟ್ಟು ಇ-ವೆರಿಫೈ ಮಾಡಿ. ಬ್ಯಾಂಕ್ ಖಾತೆಯನ್ನು ಪೋರ್ಟಲ್‌ನಲ್ಲಿ ಮೊದಲೇ ವ್ಯಾಲಿಡೇಟ್ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ರೀಫಂಡ್ ಅಲ್ಲೇ ನಿಂತುಬಿಡುತ್ತದೆ.