ಕಲಬುರಗಿ, ಬೀದರ್ ಭಾಗದಲ್ಲಿ ಹೆಸರು ಮಾಡಿದ ಉದ್ಯಮಿಗಳು ಯಾರು?

ಬೆಂಗಳೂರಿನ ಹಾಗೆ ಕಂಪನಿ ಸ್ಥಾಪಕರ ಹೆಸರು ಎಣಿಸುತ್ತ ಹೋದರೆ ಇಲ್ಲಿನ ಉದ್ಯಮ ತಿಳಿಯುವುದಿಲ್ಲ. ನಿಜಾಮರ ಕಾಲದಲ್ಲಿ ಕಲಬುರಗಿಗೆ ಮೆಹಬೂಬ್ ಶಾಹಿ ಬಟ್ಟೆ ಗಿರಣಿ ಬಂತು. ಗಿರಣಿ ನಿಂತರೂ ಅದರ ಚಿಕ್ಕ ಹೆಸರು ಎಂಎಸ್‌ಕೆ ಮಿಲ್ ಅಂದರೆ ಆಟೋದವರಿಗೆ ಇಂದಿಗೂ ಗೊತ್ತು. ಸುಣ್ಣಕಲ್ಲು ಇದ್ದದ್ದಕ್ಕೆ ಶಹಾಬಾದ್, ವಾಡಿಯಲ್ಲಿ ಸಿಮೆಂಟ್ ಬಂತು.

ಒಂದು ಹೆಸರು ಹೇಳಲೇಬೇಕೆಂದರೆ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ. ಕಪ್ಪು ಲೋಹದಲ್ಲಿ ಬೆಳ್ಳಿ ಚಿತ್ತಾರ ಕೂರಿಸುವ ಬಿದ್ರಿ ಕಲೆಗಾಗಿ 2023ರಲ್ಲಿ ಪದ್ಮಶ್ರೀ ಪಡೆದವರು. ಬಿದ್ರಿಗೆ ಸುಮಾರು 16 ಪಾಲು ಸತು, 1 ಪಾಲು ತಾಮ್ರ. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ನಯಮಾಡಿ, ಮೈಲುತುತ್ತದ ನೀರು ಸವರುತ್ತಾರೆ. ಮೈ ಕಪ್ಪಾದರೆ ಗೀಚಿದ ಚಿತ್ತಾರ ಎದ್ದು ಕಾಣುತ್ತದೆ. ಉಳಿಯಿಂದ ಕೊರೆದ ತೋಡಿಗೆ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ತೋಡಿನ ಆಳ ಸಾಲದಿದ್ದರೆ ಉಜ್ಜುವಾಗ ತಂತಿ ಎದ್ದುಬರುತ್ತದೆ. ಕೊನೆಗೆ ಬಿಸಿ ಮಾಡಿ, ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಕಲಸಿದ ನೀರಿನಲ್ಲಿ ಉಜ್ಜಿದರೆ ಲೋಹ ಖಾಯಂ ಕಪ್ಪು, ಬೆಳ್ಳಿ ಮಾತ್ರ ಬೆಳ್ಳಗೇ. ಕಂಡಕಂಡ ಮಣ್ಣಿಗೆ ಆ ಕಪ್ಪು ಬರುವುದಿಲ್ಲ.

ನನ್ನ ಲೆಕ್ಕದಲ್ಲಿ ಈ ನೆಲದ ಅಸಲಿ ಉದ್ಯಮಿಗಳು ಕಲಬುರಗಿಯ ದಾಲ್ ಮಿಲ್‌ನವರು. ಇಲ್ಲಿನ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಎಂಬ ಭೌಗೋಳಿಕ ಗುರುತು, ಸಿಕ್ಕಿತು. ಕಾಳಿನ ಸಿಪ್ಪೆ ಗೀರಿ, ಎಣ್ಣೆ ಸವರಿ, ಬಿಸಿಲಿಗೆ ಹರವಿ ಒಡೆಯುತ್ತಾರೆ. ಒಣಗುವುದು ಕಡಿಮೆಯಾದರೆ ಸಿಪ್ಪೆ ಬಿಡುವುದಿಲ್ಲ, ಜಾಸ್ತಿ ತಿಕ್ಕಿದರೆ ನುಚ್ಚು. ಕ್ವಿಂಟಲ್ ಕಾಳಿಗೆ 70–75 ಕಿಲೋ ಬೇಳೆ ಬಂದರೆ ಮಿಲ್ ನಡೆದೀತು.